ಕನ್ನಡಿಯೊಳಗಿನ ಗಂಟು

ಸೊಹಾರಿನ ಶಾಲೆ. ನಾಳೆ ಲ್ಯಾಬಿನ ಬಾಗಿಲು ತೆರೆಯಬೇಕು.
ಬ್ಯಾಂಕಿನವರು ಬೇಡವೆಂದು ಕೊಟ್ಟ ಹದಿನೆಂಟು ಹಳೇ ಕಂಪ್ಯೂಟರಿಗೆ
ಲಿನಕ್ಸ್ ಹಾಕುತ್ತಿದ್ದೇನೆ.
ರಾತ್ರಿ ಹನ್ನೊಂದು, ಹೊರಗೆ ಇನ್ನೂ ಮೂವತ್ತೆಂಟು ಡಿಗ್ರಿ.
ಎ.ಸಿ.ಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಹಾಗೆ
ಇಳಿಯುತ್ತಿದೆ ಪ್ಯಾಕೇಜು.
ಬಾಕಿ ಒಂಬತ್ತು ತಾಸು, ಎನ್ನುತ್ತದೆ ಪರದೆ,
ನಾಚಿಕೆಯಿಲ್ಲದೆ.

ಒಂದೇ ಗಂಟನ್ನು ನೂರು ಊರಲ್ಲಿ ಇಟ್ಟಿದ್ದಾರೆ,
ಮಿರರ್ ಅಂತ ಹೆಸರು.
ನಾನು ಒಂದರ ಮುಂದೆಯೇ ಕೈಯೊಡ್ಡಿ ಕೂತಿದ್ದೆ,
ಹತ್ತಿರದ್ದಲ್ಲವೇ ಎಂದು.
ಹತ್ತಿರ, ನಕ್ಷೆಯ ಲೆಕ್ಕದಲ್ಲಿ.
ತಂತಿಯ ದಾರಿ ಬೇರೆ:
ಕಡಲಾಚೆಯ ಊರಿಗೂ ಯುರೋಪು ಸುತ್ತಿಯೇ ಹೋಗುತ್ತದೆ.

ಆಗ ನೆನಪಾಯಿತು ಫ್ಲೋಸಿಯ ಹೊಲಿಗೆ ಮೆಷಿನ್ನು.

ಮತ್ರಾದ ಹಳೇ ಪೇಟೆಯಲ್ಲಿ ಸಿಕ್ಕಿದ್ದು, ಹದಿನಾಲ್ಕು ಕಿಲೋ.
ಅಷ್ಟನ್ನೂ ಯಾರ ತಲೆಗೆ ಕಟ್ಟುವುದು?
ನೆಲಕ್ಕೆ ಪೇಪರು ಹಾಸಿ ಬಿಚ್ಚಿದೆವು.
ಮೋಟಾರು ಉಸ್ಮಾನಾಕನ ಕೈಚೀಲದಲ್ಲಿ,
ತಲೆಭಾಗ ಎವರಿಸ್ಟನ ಖರ್ಜೂರದ ಡಬ್ಬಗಳ ಕೆಳಗೆ,
ಪೆಡಲು ಖಾಜಾಸಾಬರ ಲುಂಗಿಗಳ ನಡುವೆ
(ಅವರು ಹೈದರಾಬಾದಿನಲ್ಲಿಳಿದು ಬಸ್ಸಿಗೆ ಹಾಕಿದರು),
ಸೂಜಿ, ಬಾಬಿನ್ನು ಬಾಣಂತನಕ್ಕೆ ಹೊರಟ
ಶಾಂಭವಿ ಟೀಚರ ಪರ್ಸಿನಲ್ಲಿ.
ಕಾಪುವಿನಲ್ಲಿ ಫ್ಲೋಸಿಯ ತಂಗಿ ಜೋಡಿಸಿದಳು.
ಮೊದಲು ಹೊಲಿದದ್ದು ದಿಂಬಿನ ಚೀಲ.

ಎದ್ದು ಪಟ್ಟಿಗೆ ಏಳು ವಿಳಾಸ ಬರೆದೆ.
ಮುಂಬೈ, ಸಿಂಗಪುರ, ಫ್ರಾಂಕ್‌ಫರ್ಟ್,
ಮತ್ತೆ ನಾಲ್ಕು, ಹೆಸರು ಉಚ್ಚರಿಸಲು ಬಾರದವು.
ಗಂಟು ಬಿಚ್ಚಿ, ತಲೆಗೊಂದು ಹೋಳು ಹೊತ್ತು ತನ್ನಿ ಎಂದೆ.
ಬಂದವು. ಬಾಲ ಮೊದಲು, ಹೊಟ್ಟೆ ಆಮೇಲೆ,
ತಲೆ ಎಲ್ಲಕ್ಕಿಂತ ತಡ.
ಬಂದದ್ದನ್ನೆಲ್ಲ ಅಂಕಿಗೆ ಅಂಕಿ ತಾಳೆ ನೋಡಿ,
ಕೆಟ್ಟ ಹೋಳೊಂದನ್ನು ಬಿಸುಟು
ಬೇರೆ ಊರಿಂದ ಮತ್ತೆ ತರಿಸಿಕೊಂಡಿತು ಯಂತ್ರ,
ಯಾರನ್ನೂ ಬೈಯದೆ.

ಕನ್ನಡಿಯೊಳಗಿನ ಗಂಟು ಕೈಗೆ ಸಿಗದು,
ಎನ್ನುತ್ತಿದ್ದರು ನಮ್ಮ ಮೇಷ್ಟ್ರು.
ಪಾಪ, ಅವರ ಮನೆಯಲ್ಲಿದ್ದದ್ದು ಒಂದೇ ಕನ್ನಡಿ.

ಒಂದೂವರೆಗೆ ಕೆಲಸ ಮುಗಿಯಿತು.
ಮೊದಲನೆಯದಕ್ಕೆ ಇಳಿಸಿದ್ದನ್ನೇ ಉಳಿದ ಹದಿನೇಳೂ
ಪಕ್ಕದ ಮನೆಯ ಸಾರಿನಂತೆ ಹಂಚಿಕೊಂಡವು.

ಬೀಗದ ಕೈ ಹುಡುಕುವಾಗ ಮೇಜಿನ ಖಾನೆಯಲ್ಲಿ
ಸಿಕ್ಕಿತು ಒಂದು ಸಣ್ಣ ತಿರುಪು.
ಬಿಚ್ಚಿದ ದಿನ ಉರುಳಿ ತಪ್ಪಿಸಿಕೊಂಡದ್ದು.
ಅಲ್ಲಿ ಅದರ ಜಾಗಕ್ಕೆ ಹೇರ್‌ಪಿನ್ನು ಸಿಕ್ಕಿಸಿ
ಮೂರು ವರ್ಷದಿಂದ ಹೊಲಿಯುತ್ತಿದ್ದಾಳೆ.

ಊರಿಗೆ ಹೊರಟವರು ಯಾರಾದರೂ ಇದ್ದರೆ ಹೇಳಿ.
ಎರಡು ಗ್ರಾಮೂ ಇಲ್ಲ.