ಈ ದಿನಕ್ಕೆ ಮಾತ್ರ

ಸಮೃದ್ಧಿ ಅಂತ ಹೆಸರಿಟ್ಟದ್ದು ಅವರಪ್ಪ.
ಹತ್ತೊಂಬತ್ತು ತಿಂಗಳ ಸಮೃದ್ಧಿ
ಒಂದು ತುತ್ತು ಬಾಯಾಗ ಇಟಗೊಂಡು
ಅರ್ಧ ತಾಸು ಮನಿ ತುಂಬ ತಿರಗತಾಳ,
ಆಮ್ಯಾಲ ಅದನ್ನ ಚಪ್ಪಲಿ ಒಳಗ ಉಗಳತಾಳ.
ಯಾವಾಗಲೂ ಎಡಗಾಲಿಂದು. ಯಾವಾಗಲೂ ನಂದು.

'ಬೀದರದಾಗ ಶನಿವಾರ ಐತವಾರ ತಿಂಡಿ ಮೇಳ ಅದ' ಅಂದ್ರು ಸೂರ್ಯಕಾಂತ,
'ಅರವತ್ತು ಮಳಿಗಿ ಅಂತ. ಅರವತ್ತರಾಗ ಒಂದರೆ
ಹಿಡಸಂಗಿಲ್ಲೇನು ಇಕಿಗೆ?'
ಗಣಿತದ ಮಾಸ್ತರು. ಸಂಭವನೀಯತೆ ಮ್ಯಾಲ ಅವರಿಗೆ
ದೇವರಿಗಿಂತ ಒಂದೀಟು ಜಾಸ್ತಿ ಭರವಸಿ.

ಭಾಲ್ಕಿಯಿಂದ ಮುಂಜಾನಿ ಪ್ಯಾಸೆಂಜರ್ ಹಿಡದೆವು.
ಚೀಲದಾಗ ಡೈಪರ್ ಆರು, ಅಂಗಿ ನಾಕು, ಬಿಸಿನೀರಿನ ಥರ್ಮಾಸು,
ಜ್ವರದ ಔಷಧಿ, ಕಿವಿ ಹರದ ಬಟ್ಟಿ ಮೊಲ,
ಮತ್ತ ಎಲ್ಲಾದರ ಬುಡಕ್ಕ, ದೀಪಾವಳಿಗೆ ನಾ ಓದಲಿಕ್ಕೆ ತಗೊಂಡ ಪುಸ್ತಕ,
ಹನ್ನೆರಡನೇ ಪುಟದಾಗ ನಿಂತದ್ದು.
ಕಿಡಕಿ ಹೊರಗ ಕೆಮ್ಮಣ್ಣು, ತೊಗರಿ ಕೊಯ್ದ ಕೂಳಿ.
'ಬುವ್ವಾ!' ಅಂದಳು. ಇಬ್ಬರೂ ಡಬ್ಬಿಗೆ ಕೈ ಹಾಕಿದೆವು.
ಆಕಿ ಎಮ್ಮಿ ತೋರಸಲಿಕ್ಕತ್ತಿದ್ದಳು.

ಮೈದಾನದ ಬಾಗಲದಾಗ ರೊಕ್ಕ ಕೊಟ್ಟು ಕೂಪನ್ ತಗೋಬೇಕು,
ಹಸಿರು ಹತ್ತಕ್ಕ, ಕೆಂಪು ಐವತ್ತಕ್ಕ.
ಹಿಂದ ಅಚ್ಚು: ಈ ದಿನಕ್ಕೆ ಮಾತ್ರ. ಹಣ ವಾಪಸಿಲ್ಲ.

ಮಾದಲಿಗೆ ಬಾಯಿ ಮುಚ್ಚಿದಳು.
ತಹರಿಯೊಳಗಿನ ಬಟಾಣಿ ಒಂದೊಂದೇ ಆರಿಸಿ
ಮುಂದ ನಿಂತವರ ಕಿಸೆಯಾಗ ಹಾಕಿದಳು.
ನವಣಿ ಪಾಯಸ ನನ್ನ ಸೆರಗಿಗಾತು.
ಹಾಗಲಕಾಯಿ ಜಾಮೂನು ಅಂತ ಒಂದಿತ್ತು,
ಅದನ್ನ ಆಕಿ ಬ್ಯಾಡ ಅಂದದ್ದಕ್ಕ ನಾ ಏನೂ ಅನ್ನಂಗಿಲ್ಲ.

'ಸೂರ್ಯಾನೂ ಸಣ್ಣವಿದ್ದಾಗ ಹಿಂಗೇ' ಅಂತಾರ ನಮ್ಮತ್ತಿ.
ಅದನ್ನ ಇಪ್ಪತ್ತೇಳನೇ ಮಳಿಗಿ ಮುಂದ ನೆನಪ ಮಾಡಿದೆ,
ಮಾಡಬಾರದಾಗಿತ್ತು.
'ನಿಮ್ಮ ಕಡೆಯವರು ಭಾಳ ಉಂಡಾರೇನು' ಅಂದ್ರು ಅವರು.
ಹಂಗ ಇಬ್ಬರೂ ಬಿಸಿಲಾಗ ನಿಂತು
ಎರಡೂ ಮನೆತನದ ಹೊಟ್ಟಿ ಲೆಕ್ಕ ತಗದು ಮುಗಸೋದರಾಗ
ಕೂಸು ಇಲ್ಲ.

ಎಷ್ಟು ಹೊತ್ತು? ಒಂದು ನಿಮಿಷ ಅಂತಾರ ಅವರು.
ನನ್ನ ಎದಿಗೆ ಗಡಿಯಾರ ಓದಲಿಕ್ಕೆ ಬರಂಗಿಲ್ಲ.

ಹೋಳಗಿ ಮಳಿಗಿಯ ಪರದೆ ಕೆಳಗ ಎರಡು ಕೆಂಪು ಬೂಟು ಕಂಡವು.
ಹಿಂದ ಹೋಗಿ ನೋಡಿದರ
ಗೋಣಿಚೀಲದ ಮ್ಯಾಲ ಒಬ್ಬ ಮುದುಕಿ,
ಮುಂದ ಸೊಸಿ ಮಾರಲಿಕ್ಕತ್ತಾಳ, ಹಿಂದ ಇಕಿ ಉಣ್ಣಲಿಕ್ಕತ್ತಾಳ,
ಕಟಕ ರೊಟ್ಟಿ, ಪುಂಡಿಪಲ್ಯೆ, ಗುದ್ದಿದ ಉಳ್ಳಾಗಡ್ಡಿ.
ಎದುರಿಗೆ ನನ್ನ ಮಗಳು ಕುಕ್ಕರಗಾಲಿಲೆ ಕುಂತು
ಚಿಮಣಿಮರಿ ಹಂಗ ಬಾಯಿ ತೆರದಾಳ.
ಮುದುಕಿ ತನಗೊಂದು, ಅದಕ್ಕೊಂದು,
ತನಗೊಂದು, ಅದಕ್ಕೊಂದು.
ನಾಕನೇ ತುತ್ತಿಗೆ ತಲಿ ಎತ್ತಿ ಕೇಳಿದಳು:
'ಯಾರ ಕೂಸವ್ವ ಇದು?'

ಖಾರಕ್ಕ ಮೂಗು ಸೋರಲಿಕ್ಕತ್ತಿತ್ತು. ಬಿಕ್ಕಳಿಕಿ.
ಆದರೂ 'ಇನ್ನಾ' ಅಂತದ. ಇನ್ನಾ!
ಈ ಶಬ್ದ ಇಕಿಗೆ ಗೊತ್ತದ ಅಂತ ನನಗ ಗೊತ್ತಿರಲಿಲ್ಲ.

ನಾ ಕೆಂಪು ಕೂಪನ್ ಚಾಚಿದೆ, ಹುಚ್ಚಿ ಹಂಗ.
ಮುದುಕಿ ನಕ್ಕಳು.
'ಮಾರೋದು ಆ ಕಡೆ ಅದ ತಂಗಿ. ಇದು ನನ್ನ ಊಟ.'
ಔರಾದಿನಾಕಿ, ಕಾಶೀಬಾಯಿ. ನನ್ನೂ ಕೂಡಿಸಿದಳು.
ಮಾಸ್ತರು ಪರದೆ ಸಂದಿಯಾಗ ನಿಂತು,
'ಅರವತ್ತೊಂದನೇದು' ಅಂದ್ರು ಸಣ್ಣ ದನಿಯಾಗ.

ತಿರುಗಿ ಬರೋ ಗಾಡಿಯಾಗ ಆಕಿ ಮಲಗಿದಳು.
ನಾ ಹದಿಮೂರನೇ ಪುಟ ಓದಿದೆ, ಹದಿನಾಲ್ಕನೇದು ಅರ್ಧ,
ಉಳದ ಕೆಂಪು ಕೂಪನ್ ಅಲ್ಲಿ ಗುರುತಿಗಿಟ್ಟೆ.

ಸೋಮವಾರ ಕೆಲಸಕ್ಕ ಹೋಗೂಕಿಂತ ಮೊದಲ
ನಾನೂ ಪುಂಡಿಪಲ್ಯೆ ಮಾಡಿದೆ. ಕಟಕ ರೊಟ್ಟಿ ತರಿಸಿದೆ.
ಗೋಣಿಚೀಲ ಸುದ್ದಾ ಹಾಸಿದೆ, ಯಾರಿಗೂ ಹೇಳಬ್ಯಾಡ್ರಿ.
ಒಂದು ತುತ್ತು ತಗೊಂಡಳು. ಮನಿ ತುಂಬ ತಿರಗಿದಳು.

ಅಂಚೆ ಕಚೇರಿಗೆ ಹೊಂಟು ಬಾಗಲದಾಗ ಕಾಲಿಟ್ಟೆ.
ಎಡಗಾಲು. ತಣ್ಣಗ, ಹುಳ್ಳಗ.