ಬೋರ್ಡು ಕೆರೆಯುವಾಗ

ಶಹಾಬಜಾರ ನಾಕಾದ ಹತ್ತಿರ, ಗಾಣದಂಗಡಿಯ ಮುಂದೆ
ನಿಚ್ಚಣಿಕೆ ಊರಿ ಹಳೇ ಬಣ್ಣ ಕೆರೆಯುತ್ತಿದ್ದೆ.
ಮೊದಲು ಉದುರಿದ್ದು ನೀಲಿ: ‘ಗುಲಬರ್ಗಾ’.
ಹತ್ತು ವರ್ಷದ ಹಿಂದೆ ಸರಕಾರವೇ ಬಿಟ್ಟ ಹೆಸರು,
ಬಣ್ಣದ ದುಡ್ಡು ಉಳಿಯಲೆಂದು ಕಾಶಮ್ಮ ಇಟ್ಟುಕೊಂಡದ್ದು.
ಅದರಡಿ ಉರ್ದುವಿನಲ್ಲಿ ಅದೇ ಊರು, ಬಲದಿಂದ ಎಡಕ್ಕೆ,
ಗಾಫ್ ಅಕ್ಷರದ ಮೇಲ್ಗೀಟು ಕೊಂಚ ಹೆಚ್ಚೇ ಬಾಗಿದೆ.
ನನ್ನ ಅಬ್ಬಾನ ಕೈ.
ಅದರಡಿ ತಗಡು.

ಗುಲ್ ಅಂದರೆ ಹೂವು, ಬರ್ಗ್ ಅಂದರೆ ಎಲೆ, ಅನ್ನುತ್ತಿದ್ದ ಅಬ್ಬಾ.
ಕಲ್ಲು, ಬರೇ ಕಲ್ಲು, ಅನ್ನುತ್ತಾಳೆ ಕಾಶಮ್ಮ,
ಬಾವಿ ತೋಡಿದವರನ್ನ ಕೇಳು.
ಯಾವುದು ಮೊದಲು? ತಗಡಿನ ಲೆಕ್ಕದಲ್ಲಿ
ಹೂವು ಕೆಳಗೆ, ಕಲ್ಲು ಇವತ್ತು ಸಂಜೆ ಮೇಲೆ.
ಆದರೆ ಜೇವರ್ಗಿ ಕಡೆಯ ಬಂಡಿಗಳು
ಗುಲಬರ್ಗಾಕ್ಕೆ ಎಂದೂ ಬಂದದ್ದಿಲ್ಲ,
‘ಕಲ್ಬುರ್ಗಿಗಿ ಹೊಂಟೀವ್ರಿ’ ಅಂತಲೇ ಹೊರಟು
ಇಲ್ಲಿಗೇ ಮುಟ್ಟುತ್ತಿದ್ದವು.
ಬಾಯಿಗೆ ಯಾರೂ ಬಣ್ಣ ಬಳಿಯಲಿಲ್ಲ,
ಕೆರೆದು ನೋಡಲು ಅಲ್ಲಿ ಪದರವಿಲ್ಲ.

“ಏನ್ ಬರೀಲಿ ಅಮ್ಮಾ?”
“ಕುಸುಬಿ ಎಣ್ಣಿ ಅಂತ ಬರಿ. ದೊಡ್ಡದಾಗಿ.”

ಮೊಮ್ಮಗಳು ಸುಗಲಾ ಪುಸ್ತಕದಿಂದ ತಲೆಯೆತ್ತದೆ:
“ಎಣ್ಣಿ ಅಂದ್ರ ಎಳ್ಳಿನ ನೆಯ್, ಆಯಿ.
ನೆಯ್ ಅಂದ್ರ ಹಳೇ ಮಂದಿ ಮಾತಿನಾಗ ತುಪ್ಪ, ಜಿಡ್ಡು.
ಬೆಳ್ಳನ ನೆಯ್ ಬೆಣ್ಣಿ ಆತು, ಎಳ್ಳಿನ ನೆಯ್ ಎಣ್ಣಿ ಆತು.
ನೀ ಬರಸ್ಲತ್ತಿದ್ದು ಕುಸುಬಿ ಎಳ್ಳಿನ ತುಪ್ಪ.”

ಗಾಣ ತಿರುಗುತ್ತಲೇ ಇತ್ತು, ಕಾಶಮ್ಮ ನಿಂತಳು.
ನಲವತ್ತು ವರ್ಷ. ಶೇಂಗಾ, ಕುಸುಬಿ, ಅಗಸಿ.
ಒಂದು ಹಿಡಿ ಎಳ್ಳು ಈ ಒರಳಿಗೆ ಬಿದ್ದಿಲ್ಲ.
“ರೇಷನ್ ಅಂಗಡಿ ಚಿಮಣಿ ಎಣ್ಣ್ಯಾಗೂ ಎಳ್ಳು ಅದಾ ಏನ?”
“ಹೆಸರಿನಾಗ ಅದಾ.”
“ಮತ್ತ ಖರೇ ಎಳ್ಳಿಂದಕ್ಕ?”
“ಎಳ್ಳೆಣ್ಣಿ. ಎಳ್ಳಿನ ಎಳ್ಳಿನ ನೆಯ್.”
ನಾನು ನಿಚ್ಚಣಿಕೆಯ ಮೇಲೇ ನಕ್ಕೆ, ಕುಂಚ ಜಾರಿತು.

ಹುಡುಗಿ ಬಿಡಲಿಲ್ಲ. ಮೆಣಸು ಅಂದರೆ
ಒಂದು ಕಾಲಕ್ಕೆ ಆ ಕರೀ ಕಾಳೊಂದೇ ಅಂತೆ;
ಹಡಗಿಳಿದು ಬಂದ ಕೆಂಪು ಪರದೇಶಿ
ಅದರ ಹೆಸರನ್ನೇ ಉಟ್ಟುಕೊಂಡು ಅಡಿಗೆಮನೆ ಹೊಕ್ಕಿತು, ಮೆಣಸಿನಕಾಯಿ.
ಆಮೇಲೆ ಮನೆಯ ಯಜಮಾನನಿಗೇ ಗುರುತು ಬೇಕಾಯ್ತು:
ಕರಿಮೆಣಸು, ಕಾಳುಮೆಣಸು.

ಕಾಶಮ್ಮ ಬಹಳ ಹೊತ್ತು ಸುಮ್ಮನಿದ್ದು ಅಂದಳು:
“ನಮ್ಮ ಸೊಸೀ ಹೆಸರೂ ಕಾಶಮ್ಮನೇ ಇತ್ತು.
ಆಕಿ ಹೊಸ್ತಿಲ ದಾಟಿದ ದಿನಾನೇ
ನಾ ದೊಡ್ಡ ಕಾಶಮ್ಮ ಆದೆ.
ಅದಕ್ಕೂ ಮೊದಲ ನಾ ಎಷ್ಟಿದ್ದೆ, ಯಾರಿಗಿ ಗೊತ್ತು.”

ಹೊತ್ತು ಇಳಿಯುತ್ತಿತ್ತು. ಅಬ್ಬಾನ ಗೀಟಿನ ಮೇಲೆ
ಉಳಿ ಇಟ್ಟು, ಎತ್ತಿ, ಮತ್ತೆ ಇಟ್ಟೆ.
“ಕೆರೀಬ್ಯಾಡೋ ಮಶಾಕ,” ಅಂದಳು ಕೆಳಗಿನಿಂದ,
“ಮ್ಯಾಲ ಹಚ್ಚು. ಒಳಗಿರ್ಲಿ ಅದು,
ಎಳ್ಳು ಇದ್ದಂಗ.”

ಬಿಳೀ ಬಣ್ಣ ಡಬ್ಬಿಯಲ್ಲಿ ಗಟ್ಟಿಯಾಗಿತ್ತು.
ಅವಳ ಅಂಗಡಿಯದೇ ಒಂದು ಸೌಟು ಅಗಸಿ ಎಣ್ಣೆ
ಕೇಳಿ ಇಸಿದುಕೊಂಡು ಬೆರೆಸಿದೆ.