ಇಪ್ಪತ್ತು ಸೆಕೆಂಡು

ಒಂದು ಕಿಲೋ ನೂರು ಗ್ರಾಂ.
ಸಾಯನ್ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯೊಳಗೆ ನನ್ನ ಮಗಳು.
ಉಸಿರಾಟ ಅನ್ನುತ್ತೇವಲ್ಲ,
ಇವಳಿಗದು ಆಟವೇ;
ನಡುವೆ ಬಿಟ್ಟು ಎಲ್ಲಿಗೋ ಓಡುತ್ತಾಳೆ.

ಹದಿನೆಂಟು, ಹತ್ತೊಂಬತ್ತು,
ಎಣಿಸುವುದು ನಾನಲ್ಲ, ಯಂತ್ರ.
ಅದು ಕಿರುಚಿದರೆ ಸಿಸ್ಟರ್ ಶೇವಂತಾ ಬಂದು
ಅಂಗಾಲನ್ನು ಬೆರಳಲ್ಲಿ ಮೀಟುತ್ತಾಳೆ,
"ಬಾಳಾ, ಶ್ವಾಸ ಘೇ".
ಕಡ್ಡಿಯಂಥ ಪಕ್ಕೆಲುಬು ಮತ್ತೆ ಅಲುಗುತ್ತವೆ.

ಇವತ್ತಿನಿಂದ ಮದ್ದು ಅಂದರು ಡಾಕ್ಟರು. ಕೆಫೀನ್.
ಅಂದರೆ?
ಕಾಫಿಯಲ್ಲಿರುತ್ತಲ್ಲ, ಅದೇ.
ನನಗೆ ನಗು ಬಂತು. ಜಲಜಾಕ್ಷಿ ಅತ್ತಳು.
ಹದಿನಾಲ್ಕು ವರ್ಷ ಮಾಟುಂಗದ ಹೋಟೆಲಿನಲ್ಲಿ
ಡಿಕಾಕ್ಷನ್ ಇಳಿಸಿದ ಕೈ ಇದು,
ರಾತ್ರಿಪಾಳಿಯವರು, ಪರೀಕ್ಷೆಯ ಹುಡುಗರು,
ಹೆಣ ಸುಟ್ಟು ಬಂದವರು,
ಎಷ್ಟು ಜನರನ್ನು ಎಬ್ಬಿಸಿ ಕೂರಿಸಿಲ್ಲ!
ಈ ಒಂದು ತೊಟ್ಟು ಮಾತ್ರ
ನನ್ನ ಫಿಲ್ಟರಿನದಲ್ಲ.
ಹಾಲಿಲ್ಲ, ಹಬೆಯಿಲ್ಲ, ಪರಿಮಳವೂ ಇಲ್ಲ,
ಸಿರಿಂಜಿನಿಂದ ಸುಮ್ಮನೆ ಇಳಿಯಿತು.

ಯಂತ್ರ ಒಂದು ತಾಸು ಕೂಗಲಿಲ್ಲ.
ಆಮೇಲೆ ಒಮ್ಮೆ ಕೂಗಿತು.

ಬೆಳಗಿನ ನಾಲ್ಕೂವರೆ, ಒಲೆ ಹಚ್ಚಲು ಹೋಗಬೇಕು.
ಒಂದು ಲೋಕಲ್ ಹೋಗಿ ಇನ್ನೊಂದು ಬರುವವರೆಗೆ
ಸಾಯನ್ ಪ್ಲಾಟ್‌ಫಾರ್ಮಿನಲ್ಲಿ
ನಾನೂ ಉಸಿರು ಹಿಡಿದೇ ನಿಂತಿದ್ದೆನಂತೆ ಕಾಣುತ್ತದೆ.
ಹಿಂದಿನಿಂದ ಯಾರೋ ಬೆನ್ನಿಗೆ ತಿವಿದರು,
"ಚಲಾ, ಚಲಾ."